ಮೈನಸ್ ಬಟನ್ ಇಡೋದಾ, ಬೇಡವಾ? ರಾಜಕೀಯ ಚರ್ಚೆಯ ಗುಂಪು ನಡೆಸುವವರಿಗೆ

ಕಳೆದ ಎರಡು ತಿಂಗಳಲ್ಲಿ ಮೂರು ಮಂದಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಸೇಡಂ ಕಡೆಯ ತೊಗರಿ ಬೆಳೆಗಾರರ ಗುಂಪು ನೋಡಿಕೊಳ್ಳುವವರು. ಇನ್ನೊಬ್ಬಳು ಕಲಬುರಗಿಯಲ್ಲೇ ಓದುವ ಹುಡುಗಿ. ಹಾಸ್ಟೆಲಿನ ಗೆಳತಿಯರು ಸೇರಿ ರಾಜಕೀಯ ಮಾತಾಡೋಕೆ ಅಂತಲೇ ಒಂದು ಆನ್‌ಲೈನ್ ಗುಂಪು ಮಾಡಿಕೊಂಡಿದ್ದಾರೆ. ಮೂರನೆಯವರು ಆಳಂದದ ನಿವೃತ್ತ ಮಾಸ್ತರರು. ಪ್ರಶ್ನೆ ಇಷ್ಟೇ: ಗುಂಪಿನಲ್ಲಿ ‘ಲೈಕ್’ ಜೊತೆಗೆ ಡೌನ್‌ವೋಟ್ (ಹಿಡಿಸಲಿಲ್ಲ ಅಂತ ಒತ್ತುವ ಮೈನಸ್) ಕೂಡ ಇಡಬೇಕಾ, ಇಟ್ಟರೆ ಬೇರೆ ಅಭಿಪ್ರಾಯದವರು ಉಳೀತಾರಾ?

ಮೂವರಿಗೂ ಬೇರೆ ಬೇರೆ ಉತ್ತರ ಹೇಳಿದೆ. ಯಾಕೆ ಅನ್ನೋದನ್ನು ಇಲ್ಲಿ ಬಿಡಿಸಿ ಬರೀತಿದ್ದೇನೆ.

ಮೊದಲು ನನ್ನ ತಪ್ಪಿನ ಕಥೆ. ನಾನು ನೋಡಿಕೊಳ್ಳೋ ಗುಂಪಿನಲ್ಲಿ ಸುಮಾರು 340 ಜನ ಇದ್ದಾರೆ. ಎಲ್ಲರೂ ಕಲಬುರಗಿ ಮತ್ತು ಸುತ್ತಲಿನ ತಾಲ್ಲೂಕಿನವರೇ. ಶುರು ಮಾಡುವಾಗ ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ ಇಟ್ಟೆವು. −5 ಮುಟ್ಟಿದ ಬರಹ ತಾನೇ ಮಡಚಿಕೊಳ್ಳುತ್ತಿತ್ತು. ಓದಬೇಕಂದ್ರೆ ಒತ್ತಿ ಬಿಚ್ಚಬೇಕು. ಒಂದು ಸಂಜೆ 371(ಜೆ) ಬಗ್ಗೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ ವಿಧಿಯ ಬಗ್ಗೆ ಮಾತು ಎದ್ದಿತು. ಜೇವರ್ಗಿ ಕಡೆಯ ಒಬ್ಬ ಕಾಕಾ ಉದ್ದಕ್ಕೆ ಬರೆದರು. 2012ರ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ಸಿಕ್ಕಿದ್ದು ದೊಡ್ಡದೇ. ಆದರೆ ಸೀಟು, ನೌಕರಿ ಎಲ್ಲ ಸಿಟಿಯಲ್ಲಿ ಕೋಚಿಂಗ್‌ಗೆ ಹೋದ ಮಕ್ಕಳಿಗೇ ಹೋಗ್ತಿವೆ. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಅದರೊಳಗೇ ಬೇರೆ ಪಾಲು ಬೇಕು. ಇದು ಅವರ ವಾದ. ಆದರೆ ಬರಹದ ಮೊದಲ ಸಾಲು ‘371(ಜೆ) ನಮಗೇನೂ ಕೊಟ್ಟಿಲ್ಲ’ ಅಂತಿತ್ತು.

ಹನ್ನೊಂದು ನಿಮಿಷದಲ್ಲಿ −17. ಬರಹ ಮಡಚಿಕೊಂಡಿತು.

ಮರುದಿನ ಬೆಳಿಗ್ಗೆ ಫೋನ್ ಬಂತು. “ತಮ್ಮಾ, ನಾ ಬರ್ದಿದ್ದು ಎಲ್ಲಿ ಹೋಯ್ತು? ತೆಗ್ದಿಯೇನು?” ತೆಗೆದಿಲ್ಲ ಕಾಕಾ, ಮಡಚಿದೆ ಅಷ್ಟೇ ಅಂದೆ. “ಮಡಚೋದಕ್ಕೂ ತೆಗ್ಯೋದಕ್ಕೂ ಏನ್ ಫರಕೋ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಐದು ತಿಂಗಳು ಅವರು ಒಂದು ಸಾಲೂ ಬರೀಲಿಲ್ಲ. ಆ ಹದಿನೇಳು ಜನರಲ್ಲಿ ನಾಲ್ಕು ಜನ ನನಗೆ ಗೊತ್ತು, ದಿನಾ ಸೂಪರ್ ಮಾರ್ಕೆಟ್ ಕಡೆ ಸಿಗುವವರು. ಕೇಳಿದೆ. ನಾಲ್ವರಲ್ಲಿ ಮೂವರು ಎರಡನೇ ಸಾಲು ಓದೇ ಇರಲಿಲ್ಲ.

ಆರಿಸೋ ಮೊದಲು ಏನು ನೋಡಬೇಕು

ನಾನು ಈಗ ಐದು ವಿಷಯ ನೋಡುತ್ತೇನೆ. ಮೊದಲನೆಯದು, ಸಂಖ್ಯೆಯಲ್ಲಿ ಕಡಿಮೆ ಇರುವವರ ಮಾತು ಕಣ್ಣಿಗೆ ಬೀಳುತ್ತಾ. ಎರಡನೆಯದು, ಬೈಗುಳ, ಸುಳ್ಳು ಫಾರ್ವರ್ಡ್, ಜಾಹೀರಾತು ಕೆಳಗೆ ಹೋಗುತ್ತಾ. ಮೂರನೆಯದು, ಹತ್ತು ಜನ ಮಾತಾಡಿಕೊಂಡು ಬಂದು ಒತ್ತಿದರೆ ತಡೆಯೋಕೆ ಆಗುತ್ತಾ. ಚುನಾವಣೆ ಹತ್ತಿರ ಬಂದಾಗ ಇದು ಆಗೇ ಆಗುತ್ತೆ, ಅನುಮಾನ ಬೇಡ. ನಾಲ್ಕನೆಯದು, ಬರೆದವರಿಗೆ ತಮ್ಮ ತಪ್ಪೇನು ಅಂತ ಗೊತ್ತಾಗುತ್ತಾ. ಐದನೆಯದು ಖರ್ಚು. ದುಡ್ಡಿಗಿಂತ ಜಾಸ್ತಿ ನಿಮ್ಮ ಸಮಯದ ಖರ್ಚು.

ಇವೆಲ್ಲಕ್ಕಿಂತ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ. ಗುಂಪಿನಲ್ಲಿ 100 ಜನ, 60 ಜನ ಒಂದು ಕಡೆ, 40 ಜನ ಇನ್ನೊಂದು ಕಡೆ ಅಂದುಕೊಳ್ಳಿ. ಎಲ್ಲರೂ ತಮಗೆ ಹಿಡಿಸಿದ್ದಕ್ಕೆ ಪ್ಲಸ್, ಹಿಡಿಸದ್ದಕ್ಕೆ ಮೈನಸ್ ಒತ್ತಿದರು. 60ರ ಕಡೆಯವರ ಪ್ರತಿ ಬರಹಕ್ಕೂ +20. 40ರ ಕಡೆಯವರ ಪ್ರತಿ ಬರಹಕ್ಕೂ −20. −5ಕ್ಕೆ ಮಡಚುವ ನಿಯಮ ಇದ್ದರೆ, ನೂರಕ್ಕೆ ನಲವತ್ತು ಜನರ ಒಂದೂ ಮಾತು ಪರದೆಯ ಮೇಲೆ ಕಾಣೋದಿಲ್ಲ. ಯಾರೂ ಮೋಸ ಮಾಡಿಲ್ಲ, ಯಾರೂ ಬೈದಿಲ್ಲ. ಸುಮ್ನೆ ಬಟನ್ ಒತ್ತಿದ್ದಾರೆ ಅಷ್ಟೇ.

ಅದೇ ಗುಂಪಿನಲ್ಲಿ ಮೈನಸ್ ತೆಗೆದು ನೋಡಿ. ಒಂದಕ್ಕೆ 60, ಇನ್ನೊಂದಕ್ಕೆ 40. ಎರಡನೆಯದು ಕೆಳಗಿರುತ್ತೆ, ಆದರೆ ಇರುತ್ತೆ. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

ಎರಡೂ ಬಾಣ

2005ರಲ್ಲಿ ಶುರುವಾದ ಚರ್ಚೆಯ ತಾಣ ರೆಡ್ಡಿಟ್‌ನಿಂದ ಇದು ಎಲ್ಲರಿಗೂ ಗೊತ್ತಾಯಿತು. ಕಸ ತೆಗೆಯೋದರಲ್ಲಿ ಇದಕ್ಕೆ ಸಾಟಿ ಇಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಯಾರೋ ರಾತ್ರಿ ಎರಡು ಗಂಟೆಗೆ ಸಾಲದ ಆಪ್ ಜಾಹೀರಾತು ಹಾಕಿದರೆ, ನೀವು ಏಳೋದರೊಳಗೆ ಅದು ಪಾತಾಳ ಸೇರಿರುತ್ತೆ. ಸಾವಿರಾರು ಜನರ ಗುಂಪಿಗೆ ಬೇರೆ ದಾರಿಯೂ ಇಲ್ಲ.

ತೊಂದರೆ ಇರೋದು ರಾಜಕೀಯದಲ್ಲಿ. ಒಪ್ಪಿಗೆ ಇಲ್ಲ ಅನ್ನೋ ಕಾರಣಕ್ಕೆ ಡೌನ್‌ವೋಟ್ ಮಾಡಬೇಡಿ ಅಂತ ರೆಡ್ಡಿಟ್‌ನ ನಡವಳಿಕೆಯ ಸೂಚನೆಯಲ್ಲೇ ಇದೆ. ಯಾರು ಪಾಲಿಸ್ತಾರೆ? ಅಡುಗೆ ಬಗ್ಗೆ, ಬೈಕ್ ರಿಪೇರಿ ಬಗ್ಗೆ ಬರೆದಾಗ ಮೈನಸ್ ಅಂದರೆ ‘ಇದು ತಪ್ಪು’ ಅಂತ. ರಾಜಕೀಯ ಬಂದ ತಕ್ಷಣ ಅದು ‘ನೀನು ನಮ್ಮವನಲ್ಲ’ ಅಂತ ಆಗುತ್ತೆ.

ಮೈನಸ್ ಬಿದ್ದವರು ಸುಮ್ಮನಾಗ್ತಾರೆ ಅಂತ ನಾನು ಅಂದುಕೊಂಡಿದ್ದೆ, ಕಾಕಾನ ಹಾಗೆ. ಜಸ್ಟಿನ್ ಚೆಂಗ್ ಮತ್ತು ಸಂಗಡಿಗರು 2014ರಲ್ಲಿ ನಾಲ್ಕು ದೊಡ್ಡ ಸುದ್ದಿ ಮತ್ತು ಮನರಂಜನಾ ತಾಣಗಳ ಪ್ರತಿಕ್ರಿಯೆಗಳನ್ನು ಅಧ್ಯಯನ ಮಾಡಿದಾಗ ಸಿಕ್ಕಿದ್ದು ಬೇರೆಯೇ. ಮೈನಸ್ ತಿಂದವರು ಆಮೇಲೆ ಜಾಸ್ತಿ ಬರೆದರು. ಬರೆದದ್ದರ ಗುಣಮಟ್ಟ ಇಳಿಯಿತು. ಬೇರೆಯವರಿಗೆ ತಾವೂ ಹೆಚ್ಚು ಮೈನಸ್ ಒತ್ತೋಕೆ ಶುರು ಮಾಡಿದರು. ಬಿಟ್ಟು ಹೋಗೋ ಸಾಧ್ಯತೆ ಎಲ್ಲರಿಗಿಂತ ಜಾಸ್ತಿ ಇದ್ದದ್ದು ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ ಅನ್ನೋ ಹಾಗೆ ಯಾರೂ ಮುಟ್ಟದೆ ಬಿಟ್ಟವರು. ಇದನ್ನು ಓದಿದ ಮೇಲೆ ನನ್ನ ಗುಂಪಿನ ಹಳೇ ಬರಹಗಳನ್ನು ತಿರುಗಿ ನೋಡಿದೆ. ಇಬ್ಬರು ಮೂವರು ಸಿಕ್ಕಾಪಟ್ಟೆ ಜಗಳಗಂಟರು ಇದ್ದಾರಲ್ಲ, ಅವರ ಮೊದಲ ಬರಹಗಳು ಮೆದುವಾಗಿಯೇ ಇದ್ದವು. ನನ್ನ ಅಂದಾಜು ಇಷ್ಟು: ಮೈನಸ್ ಬಿದ್ದರೆ ಸಿಡುಕಿನವನು ಉಳೀತಾನೆ, ಮಾನಕ್ಕೆ ಅಂಜುವವನು ಹೋಗ್ತಾನೆ. ಅಭಿಪ್ರಾಯಗಳ ಸಂಖ್ಯೆ ಕಡಿಮೆ ಆಗದಿದ್ದರೂ ಅದನ್ನು ಹೇಳುವ ದನಿ ಒಂದೇ ಥರ ಆಗುತ್ತೆ.

ಇನ್ನೊಂದು ಪ್ರಯೋಗ ಮೈನಸ್ ಪರ ಸಾಕ್ಷಿ ಹೇಳುತ್ತೆ, ಅದನ್ನೂ ಹೇಳಿಬಿಡ್ತೀನಿ. ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ 2013ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳ ಮೇಲೆ ಮಾಡಿದ್ದು. ಕೆಲವಕ್ಕೆ ತಾವೇ ಒಂದು ಸುಳ್ಳು ಪ್ಲಸ್, ಕೆಲವಕ್ಕೆ ಒಂದು ಸುಳ್ಳು ಮೈನಸ್ ಹಾಕಿ ಬಿಟ್ಟರು. ಸುಳ್ಳು ಪ್ಲಸ್ ಸಿಕ್ಕ ಬರಹದ ಕೊನೆಯ ಅಂಕ ಸರಾಸರಿ 25 ಪ್ರತಿಶತ ಏರಿತು. ರಾಜಕೀಯದ ವಿಷಯಗಳಲ್ಲೂ ಈ ಕುರಿಮಂದೆ ಗುಣ ಕಂಡಿತು. ಆದರೆ ಸುಳ್ಳು ಮೈನಸ್ ಬಿದ್ದಿದ್ದನ್ನು ಬೇರೆ ಓದುಗರು ಪ್ಲಸ್ ಹಾಕಿ ಸರಿ ಮಾಡಿದರು. ಅಂದರೆ ಗುಂಪು ದೊಡ್ಡದಿದ್ದರೆ, ಅನ್ಯಾಯವಾಗಿ ಬಿದ್ದ ಒಂದು ಮೈನಸ್ಸನ್ನು ಎತ್ತೋ ಜನ ಇರ್ತಾರೆ. 340 ಜನರ ಗುಂಪಿನಲ್ಲಿ, ಸಂಜೆ ಏಳಕ್ಕೆ, ಹನ್ನೊಂದು ನಿಮಿಷದಲ್ಲಿ ಯಾರು ಎತ್ತಬೇಕು?

ಎರಡೂ ಬಾಣ ಇಡಲೇಬೇಕು ಅನ್ನುವವರಿಗೆ ಮೂರು ರಿಪೇರಿ ಇವೆ. ಮೊದಲ ಕೆಲವು ಗಂಟೆ ಅಂಕ ಕಾಣದ ಹಾಗೆ ಮುಚ್ಚಿಡಿ. ರೆಡ್ಡಿಟ್‌ನಲ್ಲಿ ಗುಂಪು ನಡೆಸುವವರಿಗೆ ಈ ಸೌಲಭ್ಯ ಇದೆ. ಮಡಚೋ ನಿಯಮ ತೆಗೆಯಿರಿ. ಪ್ಲಸ್ ಮೈನಸ್ ಎರಡೂ ಹೆಚ್ಚು ಬಿದ್ದ ಬರಹಗಳನ್ನು, ಅಂದರೆ ಜಗಳ ಹಚ್ಚಿದವನ್ನು, ಬೇರೆಯಾಗಿ ತೋರಿಸುವ ಒಂದು ಪಟ್ಟಿ ಇಡಿ. ಮಡಚದೆ ಬಿಟ್ಟು, ಪೂರ್ತಿ ಓದಿದವರ ಪ್ಲಸ್ಸೂ ಬಿದ್ದಿದ್ದರೆ ಕಾಕಾನ ಬರಹ ಅಂಥ ಪಟ್ಟಿಯಲ್ಲಿ ಮೊದಲಿಗೆ ಬರ್ತಿತ್ತು.

ಬರೀ ಮೇಲಿನ ಬಾಣ

ಇದು ಮೆದು ದಾರಿ. ಲೆಮ್ಮಿ ಥರದ ಉಚಿತ ತಂತ್ರಾಂಶದಲ್ಲಿ ನಡೆಸುವವರು ಡೌನ್‌ವೋಟ್ ಪೂರ್ತಿ ಬಂದ್ ಮಾಡಬಹುದು. ಹೊಸಬರಿಗೆ ಅಂಜಿಕೆ ಇಲ್ಲ, ಕಡಿಮೆ ಸಂಖ್ಯೆಯವರು ಮರೆಯಾಗಲ್ಲ.

ಆದರೆ ಮೇಲಿನ ಲೆಕ್ಕದಲ್ಲಿ 60:40 ಬದಲು 90:10 ಹಾಕಿ ನೋಡಿ. ಒಂದಕ್ಕೆ 90, ಇನ್ನೊಂದಕ್ಕೆ 10. ಅಂಕದ ಪ್ರಕಾರ ಜೋಡಿಸಿದರೆ ಹತ್ತರ ಮಾತು ಮೂರನೇ ಪುಟಕ್ಕೆ ಹೋಗುತ್ತೆ. ಮೈನಸ್ ಇಲ್ಲದೆಯೂ ಅದು ಸತ್ತ ಹಾಗೆಯೇ. ಹೀಗಾಗಿ ಮೈನಸ್ ತೆಗೆದು ಬಿಟ್ಟೆವು, ಕೆಲಸ ಆಯ್ತು ಅಂತ ಕೂರೋ ಹಾಗಿಲ್ಲ. ಯಾವ ಬರಹ ಮೇಲೆ, ಯಾವುದು ಕೆಳಗೆ ಅಂತ ನಿರ್ಧರಿಸೋದು ಏನು? ಬಟನ್‌ಗಿಂತ ಇದೇ ದೊಡ್ಡ ಪ್ರಶ್ನೆ ಅಂತ ನನಗೆ ತಡವಾಗಿ ಹೊಳೆಯಿತು.

ಇನ್ನೊಂದು ಕೊರತೆ ಇದೆ. ಒಪ್ಪದವರಿಗೆ ಒತ್ತೋಕೆ ಏನೂ ಇಲ್ಲದಿದ್ದಾಗ ಅವರು ಬರೀತಾರೆ. ಒಳ್ಳೇ ದಿನ ಅದು ಒಳ್ಳೇ ಉತ್ತರ. ಕೆಟ್ಟ ದಿನ ಬರೀ ಬೈಗುಳ.

ಮೈನಸ್ ಇದೆ, ಯಾರಿಗೂ ಕಾಣಲ್ಲ

2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಮಾಡಿದ್ದು ಇದನ್ನೇ. ಡಿಸ್‌ಲೈಕ್ ಬಟನ್ ಉಳಿಯಿತು, ಎಷ್ಟು ಬಿದ್ದವು ಅನ್ನೋದು ವಿಡಿಯೊ ಹಾಕಿದವರಿಗೆ ಮಾತ್ರ. ಸಣ್ಣ ಚಾನೆಲ್‌ಗಳ ಮೇಲೆ ಗುಂಪು ಕಟ್ಟಿಕೊಂಡು ಬಂದು ಡಿಸ್‌ಲೈಕ್ ಒತ್ತೋದನ್ನು ತಡೆಯೋಕೆ ಅಂತ ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ.

ಆದರೆ ನನಗೆ 2020ರ ಆಗಸ್ಟ್ ನೆನಪಾಗುತ್ತೆ. ಕೊರೊನಾ ನಡುವೆ ಜೆಇಇ, ನೀಟ್ ಪರೀಕ್ಷೆ ಬೇಡ ಅಂತ ಹುಡುಗರು ಗಲಾಟೆ ಮಾಡ್ತಿದ್ದ ಸಮಯ. ಆ ತಿಂಗಳ ‘ಮನ್ ಕಿ ಬಾತ್’ ವಿಡಿಯೊಗೆ ಬಿಜೆಪಿಯ ಚಾನೆಲ್‌ನಲ್ಲಿ ಲೈಕ್‌ಗಿಂತ ಡಿಸ್‌ಲೈಕ್ ಜಾಸ್ತಿ ಬಿದ್ದವು. ಬಹುಪಾಲು ಡಿಸ್‌ಲೈಕ್ ದೇಶದ ಹೊರಗಿಂದ ಬಂದಿವೆ ಅಂತ ಪಕ್ಷದ ಐಟಿ ವಿಭಾಗದ ಮುಖ್ಯಸ್ಥರು ಹೇಳಿದರು. ನೀವು ಯಾರ ಮಾತು ನಂಬ್ತೀರೋ ನಿಮಗೆ ಬಿಟ್ಟಿದ್ದು. ನಾನು ಹೇಳೋದು ಇಷ್ಟು. ಮೈಕ್ ಇರುವವರ ಮುಂದೆ ಮೈಕ್ ಇಲ್ಲದವರಿಗೆ ಆ ಎಣಿಕೆ ಒಂದೇ ದನಿ ಆಗಿರಬಹುದು. ಮಂತ್ರಿ, ಶಾಸಕರ ವಿಡಿಯೊಗೆ ಒತ್ತುವ ಮೈನಸ್ಸೂ, ಜೇವರ್ಗಿಯ ಕಾಕಾನಿಗೆ ಒತ್ತುವ ಮೈನಸ್ಸೂ ಬಟನ್ ಒಂದೇ ಆದರೂ ಕೆಲಸ ಬೇರೆ. ನಿಮ್ಮ ಗುಂಪಿನಲ್ಲಿ ಬರೆಯುವವರು ಯಾರು, ನಾಯಕರಾ, ಮಾಮೂಲಿ ಮಂದಿಯಾ ಅನ್ನೋದನ್ನು ನೋಡಿ ತೀರ್ಮಾನಿಸಿ.

ಇದರ ಉಲ್ಟಾ ದಾರಿಯೂ ಒಂದಿದೆ: ಮೈನಸ್ ಎಲ್ಲರಿಗೂ ಕಾಣಲಿ, ಆದರೆ ಬರಹದ ಜಾಗ ಬದಲಾಗೋದು ಬೇಡ. ನಮ್ಮ ನೋಟಾ ಇದ್ದ ಹಾಗೆ. 2013ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ಮತಯಂತ್ರಕ್ಕೆ ಬಂತು. ಎಷ್ಟು ಬಿದ್ದವು ಅಂತ ಎಣಿಸ್ತಾರೆ, ಪ್ರಕಟಿಸ್ತಾರೆ. ನೋಟಾಕ್ಕೇ ಎಲ್ಲರಿಗಿಂತ ಹೆಚ್ಚು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವರು ಗೆಲ್ತಾರೆ. ಚುನಾವಣೆಗೆ ಅದು ಸರಿಯಾ ಅನ್ನೋದು ಬೇರೆ ಮಾತು. ಚರ್ಚೆಯ ಗುಂಪಿಗೆ ಮಾತ್ರ ಭಾಳ ಒಳ್ಳೇದು. ಸಿಟ್ಟು ಲೆಕ್ಕಕ್ಕೆ ಸಿಗುತ್ತೆ, ಮಾತೂ ಉಳಿಯುತ್ತೆ.

ಬೆಲೆ ಕಟ್ಟಿದ ಮೈನಸ್

ಪ್ರೋಗ್ರಾಮಿಂಗ್ ಬಗ್ಗೆ ಪ್ರಶ್ನೆ ಕೇಳುವ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ 125 ಅಂಕ ಗಳಿಸಿದ ಮೇಲಷ್ಟೇ ಡೌನ್‌ವೋಟ್ ಮಾಡೋಕೆ ಬಿಡ್ತಾರೆ. ಬೇರೆಯವರ ಉತ್ತರಕ್ಕೆ ಒತ್ತಿದರೆ ಅವರ ಎರಡು ಅಂಕ ಹೋಗುತ್ತೆ, ನಿಮ್ಮದೂ ಒಂದು ಹೋಗುತ್ತೆ. ಕೈಯಿಂದ ಒಂದು ರೂಪಾಯಿ ಹೋಗುತ್ತೆ ಅಂದಾಗ ಮನುಷ್ಯ ಎರಡನೇ ಸಾಲು ಓದ್ತಾನೆ. ತಂತ್ರಜ್ಞಾನದ ಸುದ್ದಿ ತಾಣ ಹ್ಯಾಕರ್ ನ್ಯೂಸ್‌ನಲ್ಲಿ ಸುಮಾರು 500 ಅಂಕ ಆಗೋ ತನಕ ಕೆಳಗಿನ ಬಾಣವೇ ಕಾಣಲ್ಲ. ನೆನ್ನೆ ತೆರೆದ ಹತ್ತು ನಕಲಿ ಖಾತೆಗಳಿಂದ ದಾಳಿ ಮಾಡೋ ಚಟ ಅಲ್ಲಿಗೇ ನಿಲ್ಲುತ್ತೆ. ಕೊರತೆ ಅಂದರೆ ಹಳಬರ ಕೈ ಮೇಲಾಗುತ್ತೆ. ಮೊದಲು ಬಂದ ಐವತ್ತು ಜನ ಒಂದೇ ಪಕ್ಷದವರಾಗಿದ್ದರೆ, ಆಮೇಲೆ ಬಂದವರಿಗೆ ಬಾಗಿಲಲ್ಲೇ ಹೊಸ್ತಿಲು ಎತ್ತರ.

ಇದರಲ್ಲೇ ನನಗೆ ಹಿಡಿಸಿದ್ದು ಅಂಥದ್ದೇ ಇನ್ನೊಂದು ತಾಣ ಸ್ಲ್ಯಾಶ್‌ಡಾಟ್‌ನ ಹಳೇ ಪದ್ಧತಿ. ಅಲ್ಲಿ ಸುಮ್ನೆ ಮೈನಸ್ ಅಂತ ಇಲ್ಲ. ಕೆಲವರಿಗೆ ಕೆಲವೇ ಅಂಕ ಹಂಚ್ತಾರೆ. ಅದನ್ನು ಹಾಕುವಾಗ ಚೀಟಿ ಅಂಟಿಸಬೇಕು: ಒಳನೋಟ ಇದೆ, ತಮಾಷೆ, ವಿಷಯ ಬಿಟ್ಟದ್ದು, ಜಗಳ ಹಚ್ಚೋದು. ‘ನನಗೆ ಒಪ್ಪಿಗೆ ಇಲ್ಲ’ ಅನ್ನೋ ಚೀಟಿಯೇ ಇಲ್ಲ! ಕಾಕಾನಿಗೆ −17 ಬದಲು ‘ಮೊದಲ ಸಾಲು ತಪ್ಪು ತಿಳಿವಳಿಕೆ ಕೊಡುತ್ತೆ’ ಅಂತ ನಾಲ್ಕು ಚೀಟಿ ಬಿದ್ದಿದ್ದರೆ ಅವರೇ ತಿದ್ದುತ್ತಿದ್ದರು.

ಖರ್ಚು? ಇದಕ್ಕೆ ಸ್ವಂತ ತಂತ್ರಾಂಶ ಬೇಕು, ಬಾಡಿಗೆ ಸರ್ವರ್ ಬೇಕು, ಕೆಟ್ಟಾಗ ಸರಿ ಮಾಡೋ ಒಬ್ಬ ಹುಡುಗ ಬೇಕು. ಆ ಹುಡುಗ ಬೆಂಗಳೂರಿಗೆ ನೌಕರಿಗೆ ಹೋದ ಮೇಲೆ ಏನು ಮಾಡ್ತೀರಿ ಅನ್ನೋದನ್ನೂ ಈಗಲೇ ಯೋಚಿಸಿ. ನಮ್ಮ ಕಡೆ ಇದು ಆಗಿಯೇ ಆಗುತ್ತೆ.

ಎಮೋಜಿ

ವಾಟ್ಸಾಪ್‌ಗೆ 2022ರ ಮೇನಲ್ಲಿ ಪ್ರತಿಕ್ರಿಯೆ ಎಮೋಜಿ ಬಂತು. ಟೆಲಿಗ್ರಾಂನಲ್ಲಿ ಯಾವ ಎಮೋಜಿ ಇರಬೇಕು ಅಂತ ಅಡ್ಮಿನ್ ಆರಿಸಬಹುದು. ಇಲ್ಲಿ ದೊಡ್ಡ ಅನುಕೂಲ, ಎಮೋಜಿ ಎಷ್ಟೇ ಬೀಳಲಿ, ಮಾತು ಬಂದ ಸಮಯದ ಪ್ರಕಾರವೇ ಇರುತ್ತೆ. ಯಾರದ್ದೂ ಮುಳುಗಲ್ಲ. ಪುಕ್ಕಟೆ ಬೇರೆ.

ಆದರೆ ವಾಟ್ಸಾಪ್‌ನಲ್ಲಿ ಯಾರು ಯಾವುದು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತೆ. ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಸೋದರಮಾವ ಹಾಕಿದ್ದಕ್ಕೆ ಕೆಳಮುಖ ಹೆಬ್ಬೆರಳು ಒತ್ತಿ ಮುಂದಿನ ವಾರ ಸೀಮಂತಕ್ಕೆ ಹೋಗಿ ಕೂರೋಕೆ ಆಗುತ್ತಾ? ಹೀಗಾಗಿ ಒಪ್ಪದವರು ಏನೂ ಒತ್ತಲ್ಲ. ಎಲ್ಲರೂ ಒಪ್ಪಿದ ಹಾಗೆ ಕಾಣುತ್ತೆ. ತಾನು ಒಬ್ಬನೇ ಅಂತ ಅನಿಸಿದವನು ಬಾಯಿ ಮುಚ್ತಾನೆ, ಅವನು ಮುಚ್ಚಿದ್ದು ನೋಡಿ ಇನ್ನೊಬ್ಬ ಮುಚ್ತಾನೆ. ಜರ್ಮನಿಯ ಸಂಶೋಧಕಿ ಎಲಿಜಬೆತ್ ನೋಯೆಲ್-ನಾಯ್ಮನ್ 1974ರಲ್ಲೇ ಇದಕ್ಕೆ ಮೌನದ ಸುರುಳಿ ಅಂತ ಹೆಸರಿಟ್ಟರು.

ಎಮೋಜಿಯನ್ನು ಜೋಡಣೆಗೆ ಬಳಸಿದರೆ ಏನಾಗುತ್ತೆ ಅನ್ನೋದಕ್ಕೆ ಫೇಸ್‌ಬುಕ್ ಇದೆ. 2017ರಿಂದ ಅಲ್ಲಿ ಕೋಪದ ಮುಖ ಸೇರಿ ಎಲ್ಲ ಎಮೋಜಿಗೂ ಲೈಕ್‌ನ ಐದು ಪಟ್ಟು ತೂಕ ಕೊಟ್ಟಿದ್ದರು. ಕೋಪ ಹುಟ್ಟಿಸಿದ್ದೇ ಮೇಲೆ ಬಂತು. 2020ರಲ್ಲಿ ಕೋಪದ ತೂಕ ಸೊನ್ನೆ ಮಾಡಿದರು.

ಬಟನ್ನೇ ಬೇಡ

ಅಂಕ ಇಲ್ಲ, ಎಮೋಜಿ ಇಲ್ಲ, ಬಂದ ಕ್ರಮದಲ್ಲೇ ಮಾತು. ಕಸ ತೆಗೆಯೋದು ಇಬ್ಬರು ಮೂವರು ಮನುಷ್ಯರು. ಹಳ್ಳಿಯ ಅಗಸಿ ಕಟ್ಟೆಯ ಮೇಲೆ ನಡೆಯೋದು ಇದೇ ಅಲ್ವಾ? ಬಸವಕಲ್ಯಾಣದ ಅನುಭವ ಮಂಟಪದ ಮಾತು ತೆಗೀತಾರೆ ಕೆಲವರು. ನಾನು ಅಷ್ಟು ದೂರ ಹೋಗಲ್ಲ. ಅಲ್ಲಿ ನಡುವೆ ಕೂತವರು ಅಲ್ಲಮಪ್ರಭು, ನಮ್ಮ ಗುಂಪಿನಲ್ಲಿ ನಾನು.

ಬೇರೆ ಅಭಿಪ್ರಾಯ ಉಳಿಸೋದರಲ್ಲಿ ಇದು ಎಲ್ಲಕ್ಕಿಂತ ಮುಂದೆ. ಆದರೆ ಪೂರ್ತಿ ನಡೆಸುವವರ ಮೇಲೆ ನಿಂತಿದೆ. ಮೂವರೂ ಒಂದೇ ಪಕ್ಷ, ಒಂದೇ ಜಾತಿ ಆದರೆ ಮೈನಸ್‌ಗಿಂತ ಕೆಟ್ಟದ್ದು. ಮೈನಸ್ ಒತ್ತಿ ಮಡಚೋಕೆ ಐದು ಜನರಾದರೂ ಬೇಕು, ಅಳಿಸೋಕೆ ಒಬ್ಬ ಸಾಕು.

ಒಪ್ಪಿಗೆಯನ್ನೇ ಬೇರೆಯಾಗಿ ಕೇಳೋದು

ಪೋಲ್.ಇಸ್ ಅಂತ ಒಂದು ಸಾಧನ ಇದೆ. ಹೆಸರು ಕೇಳಿ ಬ್ರಹ್ಮಪುರ ಪೊಲೀಸ್ ಠಾಣೆ ಅಂದುಕೋಬೇಡಿ. ಒಂದೊಂದು ಸಾಲಿನ ಹೇಳಿಕೆ ಬರುತ್ತೆ. ಒಪ್ಪುತ್ತೇನೆ, ಒಪ್ಪಲ್ಲ, ಬಿಡಿ ಅಂತ ಮೂರೇ ಆಯ್ಕೆ. ಉತ್ತರ ಕೊಡೋಕೆ ಜಾಗವೇ ಇಲ್ಲ, ಹಾಗಾಗಿ ಜಗಳವೂ ಇಲ್ಲ. ಒಂದೇ ಥರ ಒತ್ತಿದವರನ್ನು ಗುಂಪು ಗುಂಪಾಗಿ ತೋರಿಸಿ, ಎಲ್ಲ ಗುಂಪೂ ಒಪ್ಪಿದ ಹೇಳಿಕೆಗಳನ್ನು ಮೇಲೆತ್ತುತ್ತೆ. ತೈವಾನ್‌ನಲ್ಲಿ 2015ರಲ್ಲಿ ಊಬರ್ ಬಗ್ಗೆ ನಿಯಮ ಮಾಡುವಾಗ ಇದನ್ನೇ ಬಳಸಿದರು. ಎಕ್ಸ್‌ನ ಕಮ್ಯುನಿಟಿ ನೋಟ್ಸ್ (ಹಳೇ ಟ್ವಿಟರ್‌ನಲ್ಲಿ ಬರಹದ ಜೊತೆ ಬಳಕೆದಾರರೇ ಸೇರಿಸುವ ಟಿಪ್ಪಣಿ) ಹಿಂದೆಯೂ ಇದೇ ಬುದ್ಧಿ ಇದೆ: ಸಾಮಾನ್ಯವಾಗಿ ಒಪ್ಪದವರು ಇಬ್ಬರೂ ‘ಉಪಯುಕ್ತ’ ಅಂದರೆ ಮಾತ್ರ ಟಿಪ್ಪಣಿ ಕಾಣುತ್ತೆ. ದಿನದ ಹರಟೆಗೆ ಇದು ನಡೆಯಲ್ಲ. ತೊಗರಿ ಬೆಲೆ, ರೈಲ್ವೆ ವಿಭಾಗ, ವಾರ್ಡಿನ ಕುಡಿಯೋ ನೀರು, ಇಂಥ ಒಂದು ವಿಷಯ ಹಿಡಿದು ವಾರ ಕೂರೋದಾದರೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ.

ಯಾರಿಗೆ ಯಾವುದು

ಸೇಡಂನವರ ಗುಂಪಿನಲ್ಲಿ ಎರಡು ಸಾವಿರ ರೈತರಿದ್ದಾರೆ. ದಿನಾ ಬೀಜ, ಔಷಧಿಯ ಸುಳ್ಳು ಜಾಹೀರಾತು ಬರುತ್ತೆ. ಮೈನಸ್ ಇಡಿ, ಆದರೆ ತಿಂಗಳು ಹಳೇ ಸದಸ್ಯರಿಗೆ ಮಾತ್ರ ಅಂದೆ. ಬೆಲೆ ಮತ್ತು ಬೆಳೆಯ ವಿಷಯಕ್ಕೆ ಅದು ಇರಲಿ. ರಾಜಕೀಯಕ್ಕೆ ಬೇರೆ ವಿಭಾಗ ಮಾಡಿ ಅಲ್ಲಿ ಬಂದ್ ಮಾಡಿ. ದುಡ್ಡು ಕಡಿಮೆ ಇದೆ ಅಂದರು. ಹಾಗಾದರೆ ಟೆಲಿಗ್ರಾಂ ಸಾಕು. ಒಪ್ಪದೇ ಇರುವವರ ಸಂಖ್ಯೆ ಬೇಕಾದಾಗ ಹೆಸರು ಕಾಣದ ಪೋಲ್ ಹಾಕಿ.

ಹಾಸ್ಟೆಲ್ ಹುಡುಗಿಯ ಗುಂಪು 45 ಜನರದ್ದು, ಒಂದೇ ಮೆಸ್ಸಿನಲ್ಲಿ ಊಟ ಮಾಡುವವರು. ಯಾವ ಬಟನ್ನೂ ಬೇಡ ಅಂದೆ. ವಾರಕ್ಕೊಬ್ಬಳು ಸರದಿ ಮೇಲೆ ನಡೆಸಲಿ.

ನಮ್ಮ 340 ಜನರ ಗುಂಪಿಗೆ ನೋಟಾ ದಾರಿ ಹಿಡಿದೆವು. ಮೈನಸ್ ಎಣಿಸ್ತೀವಿ, ಮಡಚಲ್ಲ, ಜೋಡಣೆ ಸಮಯದ ಪ್ರಕಾರ. ಕಾಕಾಗೆ ಫೋನ್ ಮಾಡಿ ಹೇಳಿದೆ. ಮೂರು ವಾರ ಬಿಟ್ಟು ಅದೇ ಬರಹವನ್ನು ತಿರುಗಿ ಹಾಕಿದರು, ಮೊದಲ ಸಾಲು ಬದಲಿಸಿ. −9 ಬಿತ್ತು. ಕೆಳಗೆ 31 ಉತ್ತರ ಇದ್ದವು.

ಮಾಸ್ತರರದ್ದೇ ಕಷ್ಟದ್ದು. ಆಳಂದದ ಗುಂಪಿನಲ್ಲಿ 600 ಜನ, ಎರಡು ಪಕ್ಷ ಸರಿಸಮ, ನೋಡಿಕೊಳ್ಳೋಕೆ ಅವರೊಬ್ಬರೇ. ಮೈನಸ್ ಇಟ್ಟರೆ ದಿನಾ ಯುದ್ಧ. ತೆಗೆದರೆ ಕಸ ತೆಗೆಯೋಕೆ ಮನುಷ್ಯ ಬೇಕು. ಇನ್ನೊಂದು ಪಕ್ಷದ ಕಡೆಯಿಂದ ಒಬ್ಬರನ್ನು ಜೊತೆಗೆ ತಗೊಳ್ಳಿ, ಇಬ್ಬರೂ ಒಪ್ಪಿದರೆ ಮಾತ್ರ ಅಳಿಸಿ ಅಂದೆ. ಪೂರ್ತಿ ಕೇಳಿಸಿಕೊಂಡು, “ಅಂದ್ರ ದಿನಾ ರಾತ್ರಿ ನಾನೇ ಕುಂತು ಎಲ್ಲಾ ಓದಬೇಕೇನ್ರೀ?” ಅಂದರು. ಹೌದು ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಜೂ ಮನಿಯಂವ ಆ ಪಕ್ಷದಾಂವನೇ ಅದಾನ. ಕೇಳಿ ನೋಡ್ತೀನಿ ತಡೀರಿ” ಅಂತ ಫೋನ್ ಇಟ್ಟರು.